ಬಾಡಿಗೆ ಮನೆಯ ಬಾಗಿಲು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ನನಗೂ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದಕ್ಕೆ ಸಮಿತಿಯವರಿಗೆ ಋಣಿ. ಫೋನ್ ಮಾಡಿದ ಸರ್ ನನಗೆ, "ನೀ ಸಾಫ್ಟ್‌ವೇರ್ ಇಂಜಿನಿಯರ್ ಆಗೀಯಪಾ, ಹುಡುಗರಿಗೆ ಕಂಪ್ಯೂಟರ್ ಬಗ್ಗೆ ಏನಾರ ಹೇಳು" ಎಂದಿದ್ದರು. ಕಂಪ್ಯೂಟರ್ ಬಗ್ಗೆ ಹೇಳುವವರು ಬಹಳ ಜನ ಇದ್ದಾರೆ. ನಾನು ಇವತ್ತು ಬಾಡಿಗೆ ಖೋಲಿಯ ಬಗ್ಗೆ ಮಾತಾಡುತ್ತೇನೆ. ಇದೇನು ಸುವರ್ಣ ಮಹೋತ್ಸವದಲ್ಲಿ ಮಾತಾಡುವ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ನನ್ನ ಲೆಕ್ಕದಲ್ಲಿ ಹೌದು. ಯಾಕೆಂದರೆ ಈ ಶಾಲೆಯ ಗೇಟು ದಾಟಿದ ಮೇಲೆ ನಮ್ಮಲ್ಲಿ ಬಹಳ ಮಂದಿ ತೆರೆಯುವ ಮುಂದಿನ ಬಾಗಿಲು ಬೆಳಗಾವಿಯ ಒಂದು ಬಾಡಿಗೆ ಖೋಲಿಯದು.

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್. ಖಾನಾಪುರ ಪಟ್ಟಣದವರು ಬಸ್ಸಿಗೋ ರೈಲಿಗೋ ದಿನಾ ಹೋಗಿ ಬರಬಹುದು. ಆದರೆ ಕಣಕುಂಬಿ, ಜಾಂಬೋಟಿ, ನಾಗರಗಾಳಿ, ಗುಂಜಿ ಕಡೆಯ ಒಳಹಳ್ಳಿಗಳಿಂದ, ಅದೂ ಮಳೆಗಾಲದಲ್ಲಿ, ದಿನಾ ಓಡಾಡಿ ಕಾಲೇಜು ಕಲಿಯುವುದು ಆಗದ ಮಾತು. ಅದಕ್ಕೇ ಹದಿನಾರು ವರ್ಷದ ಹುಡುಗರು ಹುಡುಗಿಯರು ಒಂದು ಟ್ರಂಕು, ಒಂದು ಹಾಸಿಗೆ, ಒಂದು ಸ್ಟವ್ ಕಟ್ಟಿಕೊಂಡು ಅನಗೋಳ, ವಡಗಾವಿ, ಶಹಾಪುರ, ಟಿಳಕವಾಡಿ, ನೆಹರು ನಗರದ ಓಣಿಗಳಲ್ಲಿ ಖೋಲಿ ಹುಡುಕುತ್ತಾರೆ. ಮುಂದೆ ಉದ್ಯಮಬಾಗದ ಫೌಂಡ್ರಿಗಳಲ್ಲಿ ಕೆಲಸಕ್ಕೆ ಹೋಗುವವರು, ಆಸ್ಪತ್ರೆಯಲ್ಲಿ ನರ್ಸ್ ಆಗುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಎಲ್ಲರದೂ ಅದೇ ದಾರಿ. ನಾನೂ 2006ರಲ್ಲಿ ಬಿಇ ಸೇರಿದಾಗ ಅದೇ ದಾರಿಯಲ್ಲಿ ಹೋದವನು.

ನಮ್ಮದು ಮೂವರು ಹುಡುಗರ ಖೋಲಿ. ಮೂರನೇ ವರ್ಷದ ಪರೀಕ್ಷೆಯ ಹೊತ್ತಿಗೆ ಮಾಲಕರು ಆ ಮನೆ ಮಾರಲು ನಿರ್ಧರಿಸಿದರು. ಅವರು ಇದ್ದದ್ದು ಪುಣೆಯಲ್ಲಿ. ಕೆಲಸ ಒಬ್ಬ ಏಜೆಂಟರಿಗೆ ಒಪ್ಪಿಸಿ ಒಂದು ಕೀಲಿಕೈಯನ್ನೂ ಕೊಟ್ಟುಬಿಟ್ಟರು. ಅಲ್ಲಿಂದ ನಮ್ಮ ಖೋಲಿ ಬಸ್ ಸ್ಟ್ಯಾಂಡ್ ಆಯಿತು. ಬೆಳಿಗ್ಗೆ ಏಳಕ್ಕೆ ಒಂದು ಕುಟುಂಬ, ಮಧ್ಯಾಹ್ನ ಇನ್ನೊಂದು. ನಾವು ಪರೀಕ್ಷೆಗೆ ಹೋಗಿ ಬಂದರೆ ಹಾಸಿಗೆ ಸರಿದಿರುತ್ತಿತ್ತು, ಅಡುಗೆ ಕಟ್ಟೆಯ ಡಬ್ಬಿಗಳು ಜಾಗ ಬದಲಿಸಿರುತ್ತಿದ್ದವು, ಬಚ್ಚಲ ಬಾಗಿಲು ತೆರೆದೇ ಇರುತ್ತಿತ್ತು. ಕೇಳಿದರೆ ಏಜೆಂಟರದು ಒಂದೇ ಮಾತು: "ಮನಿ ಮಾಲಕರದು, ಕೀಲಿಕೈ ಮಾಲಕರು ಕೊಟ್ಟಾರ, ನಿಮ್ಮನ್ನ ಯಾಕ ಕೇಳ್ಬೇಕು?" ನಾವು ಹುಡುಗರು, ಹೇಗೋ ತಿಂಗಳು ಕಳೆದೆವು.

ಆದರೆ ಇದೇ ಶಾಲೆಯಲ್ಲಿ ನನಗಿಂತ ಹಿಂದೆ ಕಲಿತ ಒಬ್ಬ ತಂಗಿಗೆ ಆದದ್ದು ಅಷ್ಟು ಸಣ್ಣದಲ್ಲ. ಅವಳ ಒಪ್ಪಿಗೆ ತೆಗೆದುಕೊಂಡೇ, ಹೆಸರು ಹೇಳದೆ ತಿಳಿಸುತ್ತಿದ್ದೇನೆ. ಅವಳು ನರ್ಸಿಂಗ್ ಕಲಿಯುತ್ತಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದಳು. ಒಂದು ದಿನ ಹನ್ನೊಂದು ಗಂಟೆಗೆ ಕಣ್ಣು ಬಿಟ್ಟರೆ ಖೋಲಿಯೊಳಗೆ ಗುರುತಿಲ್ಲದ ಮೂವರು ಗಂಡಸರು ನಿಂತಿದ್ದಾರೆ. ಒಬ್ಬ ಮೊಬೈಲಿನಲ್ಲಿ ಖೋಲಿಯ ವಿಡಿಯೋ ತೆಗೆಯುತ್ತಿದ್ದಾನೆ. ಮನೆ ತೋರಿಸಲು ಬಂದ ಏಜೆಂಟ, ಬಾಗಿಲು ಬಡಿದೆ, ಸದ್ದು ಬರಲಿಲ್ಲ, ಅದಕ್ಕೆ ಇನ್ನೊಂದು ಕೀಲಿಕೈ ಹಾಕಿ ತೆಗೆದೆ ಎಂದ. ಅವಳು ಮನೆಗೆ ಫೋನ್ ಮಾಡಿ ಅತ್ತಳು. ಮರುದಿನ ಅವರಪ್ಪ ಬಂದು ಸಾಮಾನು ಕಟ್ಟಿಸಿಕೊಂಡು ಊರಿಗೆ ಕರೆದುಕೊಂಡು ಹೋದರು. ಆ ತಂದೆಯ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಆದರೆ ಲೆಕ್ಕ ನೋಡಿ: ಕೀಲಿಕೈ ತಿರುಗಿಸಿದವನು ಏಜೆಂಟ, ಒಂದು ವರ್ಷದ ಓದು ಹೋಗಿದ್ದು ಹುಡುಗಿಯದು. ಮರುವರ್ಷ ಹಟ ಹಿಡಿದು ವಾಪಸ್ ಹೋಗಿ ಮುಗಿಸಿದಳು, ಈಗ ಕೆಲಸದಲ್ಲಿದ್ದಾಳೆ. ವಾಪಸ್ ಹೋಗದೇ ಉಳಿದವರೂ ನಮ್ಮ ಹಳ್ಳಿಗಳಲ್ಲಿ ಇದ್ದಾರೆ ಎಂಬುದು ಇಲ್ಲಿರುವ ತಾಯಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು.

ಹಾಗಾದರೆ ಪ್ರಶ್ನೆ ಏನು? ಬಾಡಿಗೆಗೆ ಕೊಟ್ಟ ಮನೆಯೊಳಗೆ ಮಾಲಕರು, ಅವರ ಏಜೆಂಟರು ಯಾವಾಗ ಬರಬಹುದು, ಹೇಗೆ ಬರಬೇಕು? ನಾನು ವಕೀಲನಲ್ಲ. ಆದರೆ ಕಾಯ್ದೆ ಪುಸ್ತಕ ತೆಗೆದು ಓದಿದ್ದೇನೆ, ವಕೀಲ ಗೆಳೆಯರ ಹತ್ತಿರ ಕೂತು ಕೇಳಿ ತಿಳಿದುಕೊಂಡಿದ್ದೇನೆ. ಅದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಕಾನೂನಿಗೆ ಹೋಗುವ ಮೊದಲು ನಮ್ಮ ಊರಿನ ಪದ್ಧತಿಯನ್ನೇ ನೋಡೋಣ. "ಖಾಸಗಿತನ ಗೀಸಗಿತನ ಎಲ್ಲಾ ಪ್ಯಾಟಿ ಮಂದೀದು, ನಮ್ಮೂರಾಗ ಹಗಲೊತ್ತು ಬಾಗಲಾ ಹಾಕೂದಿಲ್ಲ" ಎಂದು ಹಿರಿಯರು ಅನ್ನುತ್ತಾರೆ. ಬಾಗಿಲು ಹಾಕುವುದಿಲ್ಲ, ನಿಜ. ಆದರೆ ತೆರೆದ ಬಾಗಿಲಿನೊಳಗೆ ಯಾರಾದರೂ ಸುಮ್ಮನೆ ನುಗ್ಗುತ್ತಾರೆಯೇ? ಹೊಸ್ತಿಲ ಹೊರಗೆ ನಿಂತು "ಅದೀರೇನ್ರೀ ಒಳಗ?" ಎಂದು ಕೂಗುತ್ತಾರೆ. ಗಂಡಸರಾದರೆ ಒಮ್ಮೆ ಕೆಮ್ಮುತ್ತಾರೆ. ಒಳಗಿನಿಂದ "ಬರ್ರಿ" ಎಂಬ ಮಾತು ಬಂದ ಮೇಲೇ ಚಪ್ಪಲಿ ಬಿಡುತ್ತಾರೆ. ಬಂದವರು ಪಡಸಾಲೆಯಲ್ಲಿ ಕೂರುತ್ತಾರೆ, ಅಡುಗೆ ಮನೆಗೆ, ದೇವರ ಕೋಣೆಗೆ ಹೋಗುವುದಿಲ್ಲ. ಕೇಳಿ ಒಳಗೆ ಬರುವುದು, ಎಷ್ಟು ಬೇಕೋ ಅಷ್ಟೇ ಬರುವುದು, ಇದು ನಮ್ಮ ಅಜ್ಜ ಅಜ್ಜಿಯರ ನಡೆ. ಬಾಡಿಗೆ ಮನೆಯ ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಇನ್ನೊಂದು ವಿಷಯವೂ ರೈತರಾದ ನಮಗೆ ಹೊಸದಲ್ಲ. ಹೊಲದ ಉತಾರ ತೆಗೆಸಿ ನೋಡಿ. ಮಾಲೀಕರ ಹೆಸರು 9ನೇ ಕಾಲಮ್ಮಿನಲ್ಲಿ ಇರುತ್ತದೆ, ಸಾಗುವಳಿ ಮಾಡುವವರ ವಿವರ 12ನೇ ಕಾಲಮ್ಮಿನಲ್ಲಿ ಇರುತ್ತದೆ. ಎರಡೂ ಒಂದೇ ಅಲ್ಲ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರು ಡಿಕ್ಲರೇಷನ್ ಕೊಟ್ಟು ಭೂಮಿ ಪಡೆದ ಕಥೆ ಪ್ರತಿ ಹಳ್ಳಿಯಲ್ಲೂ ಇದೆ. ಮನೆ ಬಾಡಿಗೆ ಬೇರೆ, ಗೇಣಿ ಬೇರೆ. ಬಾಡಿಗೆದಾರ ಎಷ್ಟು ವರ್ಷ ಇದ್ದರೂ ಮನೆ ಅವನದಾಗುವುದಿಲ್ಲ. ಆದರೆ ಒಡೆತನ ಒಬ್ಬರದು, ಸ್ವಾಧೀನ ಇನ್ನೊಬ್ಬರದು ಆಗಿರಬಹುದು ಎಂಬ ತತ್ವ ಎರಡಕ್ಕೂ ಒಂದೇ. ಬಾಡಿಗೆ ಕರಾರು ಇರುವಷ್ಟು ದಿನ ಮನೆಯ ಒಡೆತನ ಮಾಲಕರದು, ಸ್ವಾಧೀನ ಬಾಡಿಗೆದಾರರದು.

ಇದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲೇ ಇದೆ. ಅದರ 105ನೇ ಕಲಮು ಬಾಡಿಗೆ ಅಂದರೆ ಏನೆಂದು ಹೇಳುತ್ತದೆ: ಹಣ ಪಡೆದು, ಸ್ವತ್ತನ್ನು ಅನುಭವಿಸುವ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸುವುದು. ಬಾಡಿಗೆಯ ಹಣ ಎಣಿಸಿಕೊಂಡಾಗ ಮಾಲಕರು ಕೊಟ್ಟದ್ದು ಗೋಡೆ ಚಾವಣಿಯನ್ನಲ್ಲ, ಆ ಹಕ್ಕನ್ನು. 108ನೇ ಕಲಮಿನಲ್ಲಿ ಎರಡು ಕಡೆಯ ಹಕ್ಕು, ಜವಾಬ್ದಾರಿಗಳ ಪಟ್ಟಿ ಇದೆ. ಬಾಡಿಗೆ ಸರಿಯಾಗಿ ಕೊಟ್ಟು, ಕರಾರಿನಂತೆ ನಡೆದುಕೊಳ್ಳುವ ಬಾಡಿಗೆದಾರನು ಅವಧಿ ಮುಗಿಯುವವರೆಗೆ ಅಡ್ಡಿ ಇಲ್ಲದೆ ಅಲ್ಲಿ ಇರಬಹುದು ಎಂದು ಮಾಲಕ ಮಾತು ಕೊಟ್ಟಂತೆಯೇ ಎಂದು ಅದು ಹೇಳುತ್ತದೆ. ಕಾಗದದಲ್ಲಿ ಬರೆಯದಿದ್ದರೂ ಆ ಮಾತು ಕೊಟ್ಟಂತೆಯೇ.

ಅದೇ ಕಲಮು ಮಾಲಕರ ಕಡೆಗೂ ನೋಡುತ್ತದೆ. ಬಾಡಿಗೆದಾರ ಮನೆಯನ್ನು ಒಳ್ಳೆಯ ಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು. ಮಾಲಕರಿಗೂ ಅವರ ಏಜೆಂಟರಿಗೂ ಸಮಂಜಸವಾದ ವೇಳೆಯಲ್ಲಿ ಒಳಗೆ ಬಂದು ಮನೆಯ ಸ್ಥಿತಿ ನೋಡಲು, ಏನಾದರೂ ಕೆಟ್ಟಿದ್ದರೆ ಅದರ ನೋಟಿಸು ಕೊಡಲು ಬಿಡಬೇಕು. ಏಜೆಂಟ ಎಂಬ ಪದ ಕಾಯ್ದೆಯಲ್ಲೇ ಇದೆ ಎಂಬುದನ್ನು ಗಮನಿಸಿ. ಹಾಗಾಗಿ "ನೀವು ಒಳಗೆ ಕಾಲಿಡಲೇ ಕೂಡದು" ಎಂದು ಬಾಡಿಗೆದಾರ ಹೇಳುವಂತಿಲ್ಲ. ಆದರೆ ಬರುವ ಕಾರಣ ಮನೆಯ ಸ್ಥಿತಿ ನೋಡುವುದು, ವೇಳೆ ಸಮಂಜಸವಾದದ್ದು. ದಿನಕ್ಕೆ ಮೂರು ಸಲ ಗಿರಾಕಿಗಳನ್ನು ಕರೆತರುವುದು, ಯಾರೂ ಇಲ್ಲದಾಗ ಕೀಲಿ ತೆಗೆಯುವುದು, ಮಲಗಿದವರ ವಿಡಿಯೋ ಮಾಡುವುದು ಆ ಮಾತಿನೊಳಗೆ ಬರುವುದಿಲ್ಲ. ಗಿರಾಕಿಗಳಿಗೆ ಮನೆ ತೋರಿಸುವುದು ಬೇಕಿದ್ದರೆ ಅದನ್ನು ಕರಾರಿನಲ್ಲಿ ಬರೆದುಕೊಳ್ಳಬೇಕು, ಇಲ್ಲವೇ ಕೇಳಿ ಒಪ್ಪಿಸಿಕೊಳ್ಳಬೇಕು.

ನಮ್ಮ ರಾಜ್ಯದ್ದೇ ಒಂದು ಬಾಡಿಗೆ ಕಾಯ್ದೆ ಇದೆ, 1999ರ ಕರ್ನಾಟಕ ಬಾಡಿಗೆ ಅಧಿನಿಯಮ. ಅದು ಮನೆ ಬಾಡಿಗೆಯ ಮಧ್ಯವರ್ತಿಗಳು, ಎಸ್ಟೇಟ್ ಏಜೆಂಟರು ನೋಂದಣಿ ಮಾಡಿಸಿಕೊಂಡೇ ಕೆಲಸ ಮಾಡಬೇಕು ಎನ್ನುತ್ತದೆ. ಹಾಗಾಗಿ ಏಜೆಂಟರಿಗೆ ನಿಮ್ಮ ನೋಂದಣಿ ಸಂಖ್ಯೆ ಏನು ಎಂದು ಕೇಳುವುದು ಉದ್ಧಟತನವಲ್ಲ. ಆದರೆ ಈ ಕಾಯ್ದೆ ಎಲ್ಲ ಮನೆಗಳಿಗೂ ಅನ್ವಯಿಸುವುದಿಲ್ಲ. ಊರಿನ ವರ್ಗಕ್ಕೆ ತಕ್ಕಂತೆ ವಾಸದ ಮನೆಯ ಬಾಡಿಗೆ ತಿಂಗಳಿಗೆ 3500 ಅಥವಾ 2000 ರೂಪಾಯಿ ಮೀರಿದರೆ ಅದು ಹೊರಗೆ ಉಳಿಯುತ್ತದೆ. ಇವತ್ತು ಬೆಳಗಾವಿಯಲ್ಲಿ ಆ ಬೆಲೆಗೆ ಮನೆ ಎಲ್ಲಿ ಸಿಗುತ್ತದೆ? ಆದ್ದರಿಂದ ಬಹಳಷ್ಟು ಬಾಡಿಗೆದಾರರಿಗೆ ಉಳಿಯುವುದು ಆ 1882ರ ಕಾಯ್ದೆ ಮತ್ತು ತಾವೇ ಸಹಿ ಮಾಡಿದ ಕರಾರು ಪತ್ರ. ಕರಾರು ಪತ್ರವನ್ನು ಓದಿ ಸಹಿ ಮಾಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಮಾದರಿ ಬಾಡಿಗೆ ಕಾಯ್ದೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಅದರ 17ನೇ ಕಲಮು ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ಮಾಲಕರಾಗಲಿ ಅವರ ಪರವಾಗಿ ಮನೆ ನೋಡಿಕೊಳ್ಳುವವರಾಗಲಿ ಒಳಗೆ ಬರಬೇಕಾದರೆ ಕನಿಷ್ಠ 24 ಗಂಟೆ ಮೊದಲು ಬರಹದಲ್ಲಿ ಅಥವಾ ಮೊಬೈಲಿನಂಥ ವಿದ್ಯುನ್ಮಾನ ಮಾಧ್ಯಮದಲ್ಲಿ ನೋಟಿಸು ಕೊಡಬೇಕು. ಅದರಲ್ಲಿ ಕಾರಣ, ದಿನ, ವೇಳೆ ಇರಬೇಕು. ಕಾರಣ ಎಂದರೆ ರಿಪೇರಿ, ಮನೆ ವಾಸಕ್ಕೆ ಯೋಗ್ಯವಾಗಿದೆಯೇ ಎಂಬ ತಪಾಸಣೆ, ಅಥವಾ ಕರಾರಿನಲ್ಲಿ ಬರೆದುಕೊಂಡ ಬೇರೆ ಸಮಂಜಸ ಕಾರಣ. ಸೂರ್ಯೋದಯಕ್ಕೆ ಮೊದಲು, ಸೂರ್ಯಾಸ್ತದ ನಂತರ ಬರುವಂತಿಲ್ಲ. ಬೆಂಕಿ, ಪ್ರವಾಹ, ಭೂಕಂಪದಂಥ ತುರ್ತಿನಲ್ಲಿ ಮಾತ್ರ ನೋಟಿಸು ಬೇಡ. ಇದು ಮಾದರಿ ಅಷ್ಟೇ. ರಾಜ್ಯವೊಂದು ಇದನ್ನು ತನ್ನ ಕಾಯ್ದೆಯಾಗಿ ಮಾಡಿಕೊಂಡರೆ ಮಾತ್ರ ಆ ರಾಜ್ಯದಲ್ಲಿ ಬಲ ಬರುತ್ತದೆ. ಆದರೆ ಮಾದರಿಯನ್ನು ನೋಡಿ ನಮ್ಮ ಕರಾರಿನಲ್ಲಿ ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಮಕ್ಕಳೇ, ಖಾಸಗಿತನದ ಮಾತು ಬಂದಾಗ ನಮ್ಮ ನಾಡಿನ ಒಬ್ಬ ಹಿರಿಯರನ್ನು ನೀವು ನೆನಪಿಟ್ಟುಕೊಳ್ಳಬೇಕು. ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿ ನಿವೃತ್ತರಾದವರು. 1926ರಲ್ಲಿ ಹುಟ್ಟಿದ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ ಖಾಸಗಿತನ ಮೂಲಭೂತ ಹಕ್ಕು ಹೌದೋ ಅಲ್ಲವೋ ಎಂಬ ಪ್ರಶ್ನೆ ಎದ್ದಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೌದು ಎಂದಿತು. ಅದಕ್ಕೂ ಎಷ್ಟೋ ಮೊದಲು, 1962ರಲ್ಲಿ, ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರ ಪ್ರಕರಣದಲ್ಲಿ ಪೊಲೀಸರು ರಾತ್ರಿ ಹೊತ್ತು ಮನೆಗೆ ಬಂದು ಬಾಗಿಲು ಬಡಿಯುವ ನಿಯಮವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. ಈ ತೀರ್ಪುಗಳು ಮುಖ್ಯವಾಗಿ ಸರ್ಕಾರದ ಎದುರು ನಮಗಿರುವ ಹಕ್ಕನ್ನು ಹೇಳುತ್ತವೆ. ಮನೆ ಮಾಲಕರ ಮೇಲೆ ನೇರವಾಗಿ ಇದನ್ನೇ ಹಿಡಿದುಕೊಂಡು ಹೋಗಲು ಬರುವುದಿಲ್ಲ. ಆದರೂ ಒಂದು ಮಾತು ಯೋಚಿಸಿ. ಪೊಲೀಸರೇ ನಿಯಮ ಮೀರಿ ದಾಟಬಾರದ ಹೊಸ್ತಿಲನ್ನು ಮನೆ ತೋರಿಸುವ ಏಜೆಂಟ ಕೇಳದೇ ದಾಟಬಹುದೇ?

ಮಾತಿಗೆ ಬಗ್ಗದವರಿಗೆ ದಂಡನೆಯ ಕಾನೂನೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು ಅತಿಕ್ರಮ ಪ್ರವೇಶದ್ದು. ಅಲ್ಲಿ "ಇನ್ನೊಬ್ಬರ ಒಡೆತನದ ಮನೆ" ಎಂದಿಲ್ಲ, "ಇನ್ನೊಬ್ಬರ ಸ್ವಾಧೀನದಲ್ಲಿರುವ" ಎಂದಿದೆ. ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಅಥವಾ ಕಾಡುವ ಉದ್ದೇಶದಿಂದ ಒಳಗೆ ಬಂದರೆ ಮಾಲಕರಾದರೂ ಅದರಿಂದ ಹೊರತಲ್ಲ. ವಾಸದ ಮನೆಯಾದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಆಗಬಹುದು. ಉದ್ದೇಶವನ್ನು ಸಾಬೀತು ಮಾಡಬೇಕಾಗುತ್ತದೆ ಎಂಬುದೂ ಗೊತ್ತಿರಲಿ, ಸುಮ್ಮನೆ ಮರೆತು ಕೇಳದೇ ಬಂದವರೆಲ್ಲ ಅಪರಾಧಿಗಳಾಗುವುದಿಲ್ಲ. ಹೆಣ್ಣುಮಗಳೊಬ್ಬಳು ಸ್ನಾನ, ಬಟ್ಟೆ ಬದಲಿಸುವಂಥ ಖಾಸಗಿ ಸಂದರ್ಭದಲ್ಲಿ ಇರುವಾಗ ಕದ್ದು ನೋಡುವುದು, ಚಿತ್ರ ತೆಗೆಯುವುದು 77ನೇ ಕಲಮಿನಡಿ ಬೇರೆಯೇ ಅಪರಾಧ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷದ ಶಿಕ್ಷೆ ಇದೆ. ಅದು ಬಾಡಿಗೆ ಖೋಲಿಗೂ ಸರಿ, ಪಿಜಿಗೂ ಸರಿ, ಹಾಸ್ಟೆಲಿಗೂ ಸರಿ.

ಪಿಜಿ, ಹಾಸ್ಟೆಲಿನ ವಿಷಯದಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಅಲ್ಲಿ ಸಾಮಾನ್ಯವಾಗಿ ಖೋಲಿಯ ಸ್ವಾಧೀನ ನಡೆಸುವವರ ಹತ್ತಿರವೇ ಇರುತ್ತದೆ, ನಮಗೆ ಇರಲು ಪರವಾನಗಿ ಮಾತ್ರ. ಕಸ ಗುಡಿಸಲು, ತಪಾಸಣೆ ಮಾಡಲು ಅವರು ಬರುತ್ತಾರೆ. ಅದಕ್ಕೇ ಸೇರುವಾಗಲೇ ಯಾರು, ಯಾವಾಗ ಬರುತ್ತಾರೆ ಎಂದು ಕೇಳಿಕೊಳ್ಳಬೇಕು. ಹೆಣ್ಣುಮಕ್ಕಳ ಖೋಲಿಗೆ ಹೆಣ್ಣುಮಗಳೇ ಬರಬೇಕು ಎಂದು ತಂದೆತಾಯಿ ಕೇಳಿದರೆ ಅದು ದೊಡ್ಡ ಬೇಡಿಕೆಯಲ್ಲ.

ಇನ್ನು ಬಾಡಿಗೆದಾರ ಊರಿಗೆ ಹೋದಾಗ ಕೀಲಿ ಬದಲಿಸಿ ಸಾಮಾನು ಹೊರಗಿಡುವ ಘಟನೆಗಳೂ ಆಗುತ್ತವೆ. ನೆಲೆಯಾಗಿ ಸ್ವಾಧೀನದಲ್ಲಿರುವವರನ್ನು, ಅವರಿಗೆ ಇರುವ ಹಕ್ಕು ಮುಗಿದಿದ್ದರೂ, ಕಾನೂನಿನ ದಾರಿಯಲ್ಲದೆ ಮಾಲಕರು ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಮುಂಬಯಿಯ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗೆ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಸ್ವಾಧೀನ ಮರಳಿ ಕೇಳಬಹುದು. ಅದಕ್ಕೆ ಇರುವ ಅವಧಿ ಆರು ತಿಂಗಳು ಮಾತ್ರ.

ಇಷ್ಟು ಹೊತ್ತು ಬಾಡಿಗೆದಾರರ ಪರವಾಗಿ ಮಾತಾಡಿದೆ. ಆದರೆ ಈ ಸಭೆಯಲ್ಲಿ ಮಾಲಕರೂ ಇದ್ದಾರೆ. ನಮ್ಮ ಶಾಲೆಯಲ್ಲೇ ಕಲಿತು, ನೌಕರಿ ಮಾಡಿ, ಸಾಲ ತೆಗೆದು ಬೆಳಗಾವಿಯಲ್ಲಿ ಮನೆ ಕಟ್ಟಿದವರು ಇದ್ದಾರೆ. ಖಾನಾಪುರ ಪಟ್ಟಣದಲ್ಲೇ ಮೇಲೊಂದು ಮಹಡಿ ಏರಿಸಿ ಶಿಕ್ಷಕರಿಗೆ, ಬ್ಯಾಂಕಿನವರಿಗೆ ಬಾಡಿಗೆ ಕೊಟ್ಟವರು ಇದ್ದಾರೆ. ಅವರ ಕಷ್ಟವೂ ಕಷ್ಟವೇ. ನಮ್ಮ ಕಡೆಯ ಮಳೆ ನಿಮಗೆ ಗೊತ್ತು. ಜುಲೈನಲ್ಲಿ ಹಂಚು ಸರಿದರೆ, ಸ್ಲ್ಯಾಬು ಸೋರಿದರೆ ಆಗಲೇ ನೋಡದಿದ್ದರೆ ಗೋಡೆ ಹೋಗುತ್ತದೆ. ಬಾಡಿಗೆದಾರ ಊರಿಗೆ ಹೋಗಿ ಫೋನ್ ಎತ್ತದಿದ್ದರೆ ಮಾಲಕರು ಏನು ಮಾಡಬೇಕು? ಮಗಳ ಮದುವೆಗೆ ಮನೆ ಮಾರಬೇಕಾದವರು ಗಿರಾಕಿಗಳಿಗೆ ತೋರಿಸದೇ ಮಾರುವುದು ಹೇಗೆ? ಹೋಗುವ ದಿನದವರೆಗೂ ಒಬ್ಬರನ್ನೂ ಒಳಗೆ ಬಿಡದ ಬಾಡಿಗೆದಾರರೂ ಇದ್ದಾರೆ. ಅವರದೂ ಸರಿಯಲ್ಲ.

ಇಲ್ಲಿ ನನ್ನ ಕೆಲಸದಿಂದ ಒಂದು ಉದಾಹರಣೆ ಕೊಡುತ್ತೇನೆ, ಕಂಪ್ಯೂಟರ್ ಬಗ್ಗೆ ಹೇಳು ಎಂದ ಸರ್ ಅವರಿಗೂ ಸಮಾಧಾನವಾಗಲಿ. ನಾವು ಕೆಲಸ ಮಾಡುವ ಕಂಪ್ಯೂಟರುಗಳಲ್ಲಿ ಸಾವಿರಾರು ಗ್ರಾಹಕರ ಮಾಹಿತಿ ಇರುತ್ತದೆ. ಯಂತ್ರ ಕಂಪನಿಯದು, ಕೀಲಿಕೈ ಎಂದರೆ ಪಾಸ್‌ವರ್ಡ್ ನಮ್ಮ ಕೆಲವರ ಹತ್ತಿರ ಇರುತ್ತದೆ. ಹಾಗೆಂದು ನಾವು ಬೇಕಾದಾಗ ತೆಗೆದು ನೋಡುವಂತಿಲ್ಲ. ಯಾಕೆ ಒಳಗೆ ಹೋಗಬೇಕು ಎಂದು ಮೊದಲು ಬರೆಯಬೇಕು. ಒಪ್ಪಿಗೆ ಬರಬೇಕು. ಇಷ್ಟು ಗಂಟೆಯಿಂದ ಇಷ್ಟು ಗಂಟೆ ಎಂದು ವೇಳೆ ಇರುತ್ತದೆ. ಒಳಗೆ ಹೋಗಿ ಏನು ಮಾಡಿದೆವು ಎಂಬುದು ದಾಖಲಾಗುತ್ತದೆ. ಯಂತ್ರಕ್ಕೆ ಬೆಂಕಿ ಹತ್ತಿದಂಥ ತುರ್ತಿದ್ದರೆ ಮೊದಲು ಹೋಗಿ ಆಮೇಲೆ ತಿಳಿಸಬಹುದು. ಕಾರಣ, ಒಪ್ಪಿಗೆ, ವೇಳೆ, ದಾಖಲೆ, ಈ ನಾಲ್ಕು ಇದ್ದರೆ ಯಾರಿಗೂ ಯಾರ ಮೇಲೂ ಸಂಶಯ ಉಳಿಯುವುದಿಲ್ಲ. ಮನೆಗೂ ಇದೇ ಸಾಕು. ಕೀಲಿಕೈ ಕೈಯಲ್ಲಿದೆ ಎಂಬುದು ಒಳಗೆ ಹೋಗಲು ಅಪ್ಪಣೆ ಅಲ್ಲ.

ಹನ್ನೊಂದು ತಿಂಗಳ ಬಾಂಡ್ ಪೇಪರ್ ನೀವೆಲ್ಲ ನೋಡಿದ್ದೀರಿ. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ಕಡ್ಡಾಯವಾಗಿ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಹನ್ನೊಂದು ತಿಂಗಳು. ಅದರಲ್ಲಿ ಬಾಡಿಗೆ ಎಷ್ಟು, ಡಿಪಾಸಿಟ್ ಎಷ್ಟು, ಗೋಡೆಗೆ ಮೊಳೆ ಹೊಡೆಯಬಾರದು ಎಂದೆಲ್ಲ ಇರುತ್ತದೆ. ಬಾಗಿಲಿನ ಬಗ್ಗೆ ಒಂದು ಅಕ್ಷರ ಇರುವುದಿಲ್ಲ. ಈ ಐದು ಮಾತು ಸೇರಿಸಿ. ಸಂಚಿಕೆಯಲ್ಲಿ ಅಚ್ಚಾದ ಮೇಲೆ ಬೇಕಾದವರು ಹಾಗೇ ನಕಲು ಮಾಡಿಕೊಳ್ಳಲಿ.

ಒಂದು: ಮಾಲಕರು ಅಥವಾ ಅವರ ಏಜೆಂಟರು ಮನೆಯೊಳಗೆ ಬರಬೇಕಾದಲ್ಲಿ ಕನಿಷ್ಠ 24 ಗಂಟೆ ಮುಂಚೆ ಕಾರಣ, ದಿನ ಮತ್ತು ವೇಳೆಯನ್ನು ಬರಹದಲ್ಲಿ ಅಥವಾ ಮೊಬೈಲ್ ಸಂದೇಶದಲ್ಲಿ ತಿಳಿಸತಕ್ಕದ್ದು.

ಎರಡು: ಬಾಡಿಗೆದಾರರು ಅಥವಾ ಅವರು ಸೂಚಿಸಿದವರು ಹಾಜರಿದ್ದಾಗ ಮಾತ್ರ ಒಳಗೆ ಬರತಕ್ಕದ್ದು. ಬೆಂಕಿ, ಗ್ಯಾಸ್ ಅಥವಾ ನೀರಿನ ಸೋರಿಕೆಯಂಥ ತುರ್ತು ಸಂದರ್ಭದಲ್ಲಿ ಒಳಗೆ ಬಂದು ಕೂಡಲೇ ಬಾಡಿಗೆದಾರರಿಗೆ ತಿಳಿಸತಕ್ಕದ್ದು.

ಮೂರು: ಮಾರಾಟಕ್ಕೆ ಅಥವಾ ಹೊಸ ಬಾಡಿಗೆಗೆ ಮನೆ ತೋರಿಸುವುದು ವಾರಕ್ಕೆ ಎರಡು ದಿನ, ಇಬ್ಬರೂ ಒಪ್ಪಿದ ಹಗಲು ವೇಳೆಯಲ್ಲಿ ಇರತಕ್ಕದ್ದು. ಬಾಡಿಗೆದಾರರು ಇದಕ್ಕೆ ವಿನಾಕಾರಣ ಅಡ್ಡಿ ಮಾಡತಕ್ಕದ್ದಲ್ಲ.

ನಾಲ್ಕು: ಎರಡನೇ ಕೀಲಿಕೈ ಇದ್ದಲ್ಲಿ ಮಾಲಕರ ಹತ್ತಿರವೇ ಇರತಕ್ಕದ್ದು, ಏಜೆಂಟರಿಗಾಗಲಿ ಬೇರೆಯವರಿಗಾಗಲಿ ಕೊಡತಕ್ಕದ್ದಲ್ಲ.

ಐದು: ಬಾಡಿಗೆದಾರರ ಒಪ್ಪಿಗೆ ಇಲ್ಲದೆ ಮನೆಯ ಒಳಗಿನ ಫೋಟೋ, ವಿಡಿಯೋ ತೆಗೆಯತಕ್ಕದ್ದಲ್ಲ. ತೆಗೆದದ್ದರಲ್ಲಿ ವ್ಯಕ್ತಿಗಳು, ಕುಟುಂಬದ ಚಿತ್ರಗಳು, ಕಾಗದಪತ್ರಗಳು ಕಾಣತಕ್ಕದ್ದಲ್ಲ.

ಐದನೆಯದರ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ಮೊದಲು ಮನೆ ನೋಡಲು ಹತ್ತು ಜನ ಬಂದರೆ ಹತ್ತು ಜನ ನೋಡಿ ಹೋಗುತ್ತಿದ್ದರು. ಈಗ ಒಬ್ಬ ಬಂದು ವಿಡಿಯೋ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಎಷ್ಟು ಜನ ನೋಡುತ್ತಾರೋ ಲೆಕ್ಕವಿಲ್ಲ. ಕಪಾಟು ಎಲ್ಲಿದೆ, ಕಿಟಕಿಗೆ ಸರಳು ಇದೆಯೋ ಇಲ್ಲವೋ, ಖೋಲಿಯಲ್ಲಿ ಹೆಣ್ಣುಮಕ್ಕಳು ಮಾತ್ರ ಇದ್ದಾರೋ, ಎಲ್ಲ ಅದರಲ್ಲಿ ಕಾಣುತ್ತದೆ. ಹಾಗೆಯೇ ಏಜೆಂಟರ ಕೈಗೆ ಆಧಾರ್ ಕಾರ್ಡಿನ ಪೂರ್ತಿ ಝೆರಾಕ್ಸ್ ಕೊಡುವ ರೂಢಿ ಬಿಡಿ. ಆಧಾರ್ ಪ್ರಾಧಿಕಾರದ ಜಾಲತಾಣದಿಂದಲೇ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ತೆಗೆದುಕೊಳ್ಳಬಹುದು. ಅದನ್ನು ಕೊಡಿ, ಮೇಲೆ ಅಡ್ಡಲಾಗಿ "ಬಾಡಿಗೆ ಮನೆಗಾಗಿ ಮಾತ್ರ" ಎಂದು ತಾರೀಖು ಹಾಕಿ ಬರೆಯಿರಿ.

ಇಷ್ಟಾದ ಮೇಲೂ ಯಾರಾದರೂ ಕೇಳದೇ ಬಂದರೆ ಏನು ಮಾಡುವುದು? ಮೊದಲ ದಿನವೇ ಜಗಳ ಬೇಡ, ಪೊಲೀಸ್ ಠಾಣೆಯೂ ಬೇಡ. ಮಾಲಕರಿಗೇ ಫೋನ್ ಮಾಡಿ ಮರ್ಯಾದೆಯಿಂದ ಹೇಳಿ. ಏಜೆಂಟ ಮಾಡಿದ್ದು ಮಾಲಕರಿಗೆ ಗೊತ್ತೇ ಇಲ್ಲದಿರಬಹುದು. ಆಮೇಲೆ ಅದನ್ನೇ ಸಂದೇಶದಲ್ಲಿ ಬರೆದು ಕಳಿಸಿ, ತಾರೀಖು ಉಳಿಯುತ್ತದೆ. ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲದಿದ್ದರೆ ಹೇಳಿ ಹಾಕಿಸಿಕೊಳ್ಳಿ. ಮತ್ತೆ ಅದೇ ಆದರೆ ಬರಹದಲ್ಲಿ ನೋಟಿಸು. ಬೆದರಿಕೆ, ಅಸಭ್ಯ ನಡೆ, ಹೆಣ್ಣುಮಕ್ಕಳ ಚಿತ್ರ ತೆಗೆದಂಥ ಸಂಗತಿ ಆದರೆ ಮಾತ್ರ ಒಂದು ಕ್ಷಣವೂ ಕಾಯಬೇಡಿ, 112ಕ್ಕೆ ಕರೆ ಮಾಡಿ.

ವಕೀಲರ ಫೀ ಎಲ್ಲಿಂದ ತರುವುದು ಎಂಬ ಚಿಂತೆ ಬೇಡ. ಬೆಳಗಾವಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲೂಕು ಮಟ್ಟದಲ್ಲಿ ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಉಳಿದವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ ಸಂಖ್ಯೆ 15100. ಮಕ್ಕಳೇ, ಈ ಎರಡು ಸಂಖ್ಯೆಗಳನ್ನು ವಹಿಯ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ತಂದೆತಾಯಿಗಳಲ್ಲಿ ನನ್ನ ವಿನಂತಿ ಒಂದೇ. ಪೇಟೆಯ ಖೋಲಿಯಲ್ಲಿ ಮಗಳಿಗೆ ಇಂಥದ್ದೇನಾದರೂ ಆದರೆ ಟ್ರಂಕು ಕಟ್ಟಿಸಿ ಊರಿಗೆ ಕರೆತರುವುದನ್ನು ಕೊನೆಯ ದಾರಿಯಾಗಿ ಇಟ್ಟುಕೊಳ್ಳಿ. ಮೊದಲು ಅವಳ ಜೊತೆ ಹೋಗಿ ಮಾಲಕರನ್ನು ಕೇಳಿ. ಬೇಕಾದರೆ ಖೋಲಿ ಬದಲಿಸಿ, ಕಾಲೇಜು ಬಿಡಿಸಬೇಡಿ. ನಿನ್ನ ತಪ್ಪಲ್ಲ ಎಂದು ಅವಳಿಗೆ ಹೇಳಿ. ಆ ಮಾತು ಸಿಕ್ಕಿದರೆ ಮಕ್ಕಳು ಮುಂದಿನದನ್ನೂ ಮುಚ್ಚಿಡದೆ ನಿಮಗೇ ಹೇಳುತ್ತಾರೆ.

ಮನೆ ಬಾಡಿಗೆಗೆ ಕೊಡುವ ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ವಿನಂತಿ. ನಿಮ್ಮ ಮನೆಯಲ್ಲಿ ಇರುವ ಹುಡುಗ ಹುಡುಗಿಯರು ಇನ್ನೊಂದು ಊರಿನ ಇಂಥದ್ದೇ ಶಾಲೆಯಿಂದ ಬಂದವರು. ನೀವೇ ಮುಂದಾಗಿ ಈ ಐದು ಮಾತನ್ನು ಬಾಂಡಿನಲ್ಲಿ ಬರೆಸಿ. ನಿಮ್ಮ ಏಜೆಂಟರಿಗೂ ಓದಿ ಹೇಳಿ. ಇದರಿಂದ ನಿಮ್ಮ ಒಡೆತನ ಒಂದು ಇಂಚೂ ಕಡಿಮೆಯಾಗುವುದಿಲ್ಲ.

ಕೊನೆಯದಾಗಿ ನಮ್ಮ ಗುರುಗಳಿಗೆ. ಪ್ರತಿ ವರ್ಷ ಮಾರ್ಚ್ ಪರೀಕ್ಷೆಗೆ ಮೊದಲು ಹತ್ತನೇ ತರಗತಿಯ ಮಕ್ಕಳಿಗೆ ಒಂದೇ ಒಂದು ತಾಸು ಇದಕ್ಕಾಗಿ ಕೊಡಿ. ಬಾಡಿಗೆ ಪತ್ರವನ್ನು ಓದುವುದು ಹೇಗೆ, ಸಹಿ ಮಾಡುವ ಮೊದಲು ಏನು ಕೇಳಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಹೇಳಿಕೊಡೋಣ. ನೀವು ಕರೆದರೆ ನಾನು ಬರುತ್ತೇನೆ; ತಾಲೂಕು ಕಾನೂನು ಸೇವಾ ಸಮಿತಿಗೆ ಶಾಲೆಯಿಂದ ಪತ್ರ ಬರೆದು ಒಬ್ಬ ವಕೀಲರನ್ನೂ ಕರೆಸೋಣ. ಈ ಶಾಲೆ ನಮಗೆ ಓದು ಬರಹ ಕಲಿಸಿತು. ಸಹಿ ಮಾಡುವ ಕಾಗದವನ್ನು ಓದುವುದೂ ಅದರಲ್ಲೇ ಸೇರಿದೆ.